ಅಪ್ಪಯ್ಯನಿಗೆ "ಅಲ್ಸರ್" ಅಂತ ಹೇಳಿದ್ದೇವೆ. ಇನ್ನೆಷ್ಟು ದಿನ ಹೀಗೆ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮನೆಯವರ ಹತ್ತಿರ ಹೇಳಿಕೊಳ್ಳುವ ಹಾಗಿಲ್ಲ, ಅದಕ್ಕೇ ಇಲ್ಲಿ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಪ್ಪಯ್ಯನಿಗೆ 71 ವರ್ಷ. ದೀಪಾವಳಿ ಹೊತ್ತಿಗೆ ಊಟ ಸೇರುತ್ತಿರಲಿಲ್ಲ, ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಎಂಡೋಸ್ಕೋಪಿ, ಬಯಾಪ್ಸಿ ಎಲ್ಲ ಆಯಿತು. ಹೊಟ್ಟೆ ಕ್ಯಾನ್ಸರ್, ಲಿವರ್‌ಗೂ ಹಬ್ಬಿದೆ. ಡಾಕ್ಟರು ಹೇಳಿದ್ದು ಅಣ್ಣನಿಗೆ ಮತ್ತು ನನಗೆ ಮಾತ್ರ. ಅಪ್ಪಯ್ಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾವು ಆ ಬಾಗಿಲು ದಾಟುವಷ್ಟರಲ್ಲಿ ಅಣ್ಣ ತೀರ್ಮಾನ ಮಾಡಿಯಾಗಿತ್ತು. "ಅಲ್ಸರ್ ಅಂತ ಹೇಳೋಣ. ನಿಜ ಗೊತ್ತಾದ್ರೆ ಅಪ್ಪಯ್ಯ ಅಲ್ಲೇ ಕುಸಿದು ಹೋಗ್ತಾರೆ."

ಫೈಲು ಈಗ ಅಕ್ಕಿ ಡಬ್ಬದ ಹಿಂದೆ ಇದೆ. ಅಮ್ಮನಿಗೆ ಗೊತ್ತು, ಅತ್ತಿಗೆಗೆ ಗೊತ್ತು, ಅಡಿಕೆ ಕೊನೆ ಕೊಯ್ಯಲು ಬರುವವನಿಗೂ ಗೊತ್ತು. ಅಪ್ಪಯ್ಯನಿಗೆ ಒಬ್ಬರಿಗೆ ಗೊತ್ತಿಲ್ಲ.

ಮೊನ್ನೆ ರಾತ್ರಿ ಅಡಿಕೆ ಸುಲಿತ ಮುಗಿದು ಎಲ್ಲರೂ ಮಲಗಿದ್ದರು. ಚಪ್ಪರದ ಕೆಳಗೆ ನಾನು, ಅಪ್ಪಯ್ಯ ಇಬ್ಬರೇ. ಅವರು ಮೆಟ್ಟುಗತ್ತಿ ಒರೆಸುತ್ತಾ, ನನ್ನ ಮುಖ ನೋಡದೆ, "ಪುಟ್ಟೀ, ನೀನಾದ್ರೂ ಹೇಳು. ನಂಗೆ ಎಂತ ಆಗಿದೆ?" ಅಂದರು. "ಅಲ್ಸರ್ ಅಪ್ಪಯ್ಯ, ಖಾರ ಬಿಟ್ರೆ ಸರಿ ಹೋಗುತ್ತೆ" ಅಂದೆ. ನಾಲಿಗೆ ಒಂದು ಚೂರೂ ತಡವರಿಸಲಿಲ್ಲ. ಅವತ್ತಿನಿಂದ ನಿದ್ದೆ ಇಲ್ಲ.

ನಾನು ಐದನೇ ಕ್ಲಾಸಿನಲ್ಲಿ ಇದ್ದಾಗ ಮಾರ್ಕ್ಸ್ ಕಾರ್ಡಿಗೆ ನಾನೇ ಅವರ ಸಹಿ ಹಾಕಿ ಸಿಕ್ಕಿಬಿದ್ದಿದ್ದೆ. ಅಪ್ಪಯ್ಯ ಹೊಡೆಯಲಿಲ್ಲ. "ಇನ್ನು ಮೇಲೆ ನಿನ್ನ ಮಾತು ನಂಬ್ಲಾ ಬೇಡ್ವಾ, ಅಷ್ಟು ಹೇಳು" ಅಂದಿದ್ದರು. ನಂಬಿ ಅಂದಿದ್ದೆ. ಆಮೇಲೆ ಅವರಿಗೆ ಸುಳ್ಳು ಹೇಳಿದ್ದು ಇದೇ ಮೊದಲು.

ಹೇಳಬೇಕಾ? ಬೇಡವಾ?

ಬಯಲುಸೀಮೆ
ತಂಗಿ, ದಯವಿಟ್ಟು ಹೇಳಬೇಡಿ. ಅನುಭವದಿಂದ ಹೇಳುತ್ತಿದ್ದೇನೆ.

2016ರಲ್ಲಿ ನಮ್ಮ ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್. ಅಕ್ಕಂದಿರು ಬೇಡ ಬೇಡ ಅಂದರೂ ನಾನೇ ಹೇಳಿದೆ. ಅವತ್ತಿನಿಂದ ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದರು. ಊಟ ಬಿಟ್ಟರು, ಮಾತು ಬಿಟ್ಟರು. ಡಾಕ್ಟರು ಎಂಟು ತಿಂಗಳು ಅಂದಿದ್ದರು, ಮೂರೇ ವಾರಕ್ಕೆ ಹೋದರು. ಕಾಯಿಲೆ ಕೊಂದಿತೋ ನನ್ನ ಬಾಯಿ ಕೊಂದಿತೋ ಅಂತ ಇವತ್ತಿಗೂ ಯೋಚನೆ ಮಾಡುತ್ತೇನೆ. ಭರವಸೆ ಅನ್ನುವುದು ಮಾತ್ರೆಗಿಂತ ದೊಡ್ಡದು. ನಿಮ್ಮಣ್ಣ ಮಾಡಿದ್ದು ಸರಿ.

ನದಿದಂಡೆ
ಅವರ ದೇಹ, ಅವರ ಉಳಿದ ದಿನಗಳು. ಅವರಿಗೇ ಗೊತ್ತಿಲ್ಲ ಅಂದರೆ ಹೇಗೆ? ಕೊನೆ ಕೊಯ್ಯುವವನಿಗೆ ಗೊತ್ತಿರುವುದು ಮನೆ ಯಜಮಾನನಿಗೆ ಗೊತ್ತಿಲ್ಲ ಅನ್ನುವುದೇ ನನಗೆ ಸಂಕಟ ಆಯಿತು.

ಬಯಲುಸೀಮೆ
ಹಕ್ಕಿನ ಮಾತು ಸುಲಭ ನದಿದಂಡೆಯವರೇ. ಹೇಳಿ ಆದಮೇಲೆ ಆ ಮುಖ ನೋಡಿಕೊಂಡು ಇರಬೇಕಾದವರು ಮನೆಯವರು.

ಸಂಪಿಗೆಮರ
ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹಿರಿಯರು ಸುಮ್ನೆ ಗಾದೆ ಮಾಡಿಲ್ಲ.

ವಾರ್ಡಕ್ಕ
ನಾನು 19 ವರ್ಷದಿಂದ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಊರು, ಆಸ್ಪತ್ರೆ ಹೆಸರು ಬೇಡ. ಇವತ್ತು ನೈಟ್ ಶಿಫ್ಟ್ ಮುಗಿಸಿ ಬಂದು ಇದನ್ನು ಓದಿದೆ, ಬರೆಯದೆ ಮಲಗಲು ಆಗಲಿಲ್ಲ.

ಮೊದಲನೆಯ ಮಾತು. ನಮ್ಮ ವಾರ್ಡಿಗೆ ಬರುವವರಲ್ಲಿ "ಅವರಿಗೆ ಹೇಳಬೇಡಿ ಸಿಸ್ಟರ್" ಅಂತ ಕೈ ಹಿಡಿದುಕೊಳ್ಳದ ಮನೆಯವರು ಕಡಿಮೆ. ಇನ್ನೊಂದು ಕಡೆ, ಮಧ್ಯರಾತ್ರಿ ಡ್ರಿಪ್ ಬದಲಿಸಲು ಹೋದಾಗ ಅದೇ ರೋಗಿ ಕಣ್ಣು ಬಿಟ್ಟು "ಸಿಸ್ಟರ್, ನನಗೆ ಗೊತ್ತು. ಮಕ್ಕಳಿಗೆ ಹೇಳಬೇಡಿ, ಪಾಪ ಹೆದರ್ತಾವೆ" ಅನ್ನುತ್ತಾರೆ. ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಅಕ್ಕಪಕ್ಕದ ಮಂಚದಲ್ಲಿ ಕೂದಲು ಉದುರಿದವರು ಕೂತಿರುತ್ತಾರೆ. ಒಂದೇ ಥರದ ಬಾಟಲಿ ಎಲ್ಲರಿಗೂ ನೇತಾಡುತ್ತಿರುತ್ತದೆ. ಕಣ್ಣಿದ್ದವರಿಗೆ ಗೊತ್ತಾಗುವುದಿಲ್ವಾ?

ಎರಡನೆಯದು. ಹೇಳಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಪೂರ್ತಿ ಸರಿಯಿಲ್ಲ. ಅವರಿಗೆ ಎಷ್ಟು ತಿಳಿದುಕೊಳ್ಳಲು ಇಷ್ಟ ಇದೆ ಅಂತ ಯಾರಾದರೂ ಕೇಳಿದಿರಾ? ಕೆಟ್ಟ ಸುದ್ದಿ ಹೇಳುವುದಕ್ಕೆ ಡಾಕ್ಟರುಗಳಿಗೆ ಆರು ಹಂತದ ಒಂದು ಕ್ರಮ ಕಲಿಸುತ್ತಾರೆ, ಸ್ಪೈಕ್ಸ್ ಅಂತ, 2000ದಲ್ಲಿ ಬಂದದ್ದು. ಅದರಲ್ಲಿ ಸುದ್ದಿ ಹೇಳುವುದು ನಾಲ್ಕನೇ ಹಂತ. ಅದಕ್ಕೂ ಮುಂಚೆ ಕೂತು ಮಾತಾಡಲು ಒಂದು ಜಾಗ ನೋಡಬೇಕು, ಅವರಿಗೆ ಈಗಾಗಲೇ ಏನು ಗೊತ್ತಿದೆ ಕೇಳಬೇಕು, ಇನ್ನೂ ತಿಳಿಯಬೇಕಾ ಅಂತ ಕೇಳಬೇಕು. ಕೆಲವರು "ಬೇಡ, ಮಗನ ಹತ್ತಿರ ಮಾತಾಡಿ" ಅನ್ನುತ್ತಾರೆ. ಅದೂ ಅವರ ಹಕ್ಕೇ. ಆಗ ಹೇಳದಿರುವುದು ಸುಳ್ಳಲ್ಲ.

ಬಯಲುಸೀಮೆಯವರೇ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಕೇಳಲಾ? ಅಮ್ಮನಿಗೆ ಹೇಗೆ ಹೇಳಿದಿರಿ? ಹೇಳಿದ ಮೇಲೆ ಯಾರು ಜೊತೆಗೆ ಇದ್ದರು?

ಕಪ್ಪುಕೋಟು
ವಕೀಲನಾಗಿ ಎರಡು ಮಾತು. ವೈದ್ಯರ ನಡವಳಿಕೆಗೆ 2002ರ ನಿಯಮಾವಳಿ ಇದೆ. ಕಾಯಿಲೆಯ ಗಂಭೀರತೆಯನ್ನು ಹೆಚ್ಚು ಮಾಡಿಯೂ ಹೇಳಬಾರದು, ಕಡಿಮೆ ಮಾಡಿಯೂ ಹೇಳಬಾರದು ಅಂತ ಅದರಲ್ಲಿದೆ. ಆದರೆ ತಿಳಿಸಬೇಕಾದದ್ದು ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿಯುತ ಸ್ನೇಹಿತರಿಗೆ ಅಂತಿದೆ. ಆ "ಅಥವಾ" ಇದೆಯಲ್ಲ, ನಮ್ಮ ಮನೆಗಳೆಲ್ಲ ಅದರೊಳಗೇ ನುಸುಳಿಕೊಂಡಿವೆ.

ಚಿಕಿತ್ಸೆಗೆ ಒಪ್ಪಿಗೆ ಅಂತ ಬಂದರೆ ಬೇರೆ ಮಾತು. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ವಯಸ್ಕ ರೋಗಿ ತಾನೇ ತೀರ್ಮಾನ ಮಾಡಬಲ್ಲವರಾಗಿದ್ದರೆ, ತುರ್ತು ಇಲ್ಲದಾಗ, ಅವರ ಬದಲು ಹೆತ್ತ ತಾಯಿ ಒಪ್ಪಿಗೆ ಕೊಟ್ಟರೂ ನಡೆಯುವುದಿಲ್ಲ. ತೋಟದಮನೆಯವರೇ, ಕೀಮೋ ಶುರು ಮಾಡುತ್ತಿದ್ದೀರಾ? ಸಹಿ ಯಾರದು?

ತೋಟದಮನೆ
ಮುಂದಿನ ವಾರ ಶುರು ಅಂದಿದ್ದಾರೆ. "ಅಲ್ಸರ್‌ಗೆ ಇಂಜೆಕ್ಷನ್" ಅಂತ ಹೇಳೋಣ ಅಂತಿದ್ದಾನೆ ಅಣ್ಣ. ಸಹಿ ನಾನೇ ಮಾಡ್ತೀನಿ ಅಂತಲೂ ಅಂದ.

ವಾರ್ಡಕ್ಕ
ಬೇಡ ತಂಗಿ. ಕೂದಲು ಉದುರಿದ ದಿನ ಏನು ಹೇಳುತ್ತೀರಿ? ಒಂದು ಸುಳ್ಳಿಗೆ ಇನ್ನೊಂದು ಕಾವಲು, ಅದಕ್ಕೆ ಮತ್ತೊಂದು. ಕೊನೆಗೆ ಅವರು ನೋವು ಅಂದಾಗಲೂ "ಏನಿಲ್ಲ, ಗ್ಯಾಸು" ಅನ್ನಬೇಕಾಗುತ್ತದೆ.

ಹುಬ್ಬಳ್ಳಿಮಂದಿ
ಇದೆಲ್ಲ ಪಶ್ಚಿಮದವರ ರೀತಿ ನೋಡ್ರಿ. ಅಲ್ಲಿ ಡಾಕ್ಟರ್ ಮುಖದ ಮ್ಯಾಲೇ ಹೇಳಿ ಕಳಿಸ್ತಾರ. ನಮ್ಮ ಮನೆಗಳು ಹಂಗ ಅಲ್ಲ. ಇಲ್ಲಿ ಒಬ್ಬರ ಭಾರ ನಾಕು ಮಂದಿ ಹೊರತೀವಿ. ಅದಕ್ಕ ಸುಳ್ಳು ಅಂತ ಹೆಸರು ಇಡಬ್ಯಾಡ್ರಿ.

ಅಂಕಿಸಂಖ್ಯೆ
ಇಲ್ಲಿ ಒಂದು ತಿದ್ದುಪಡಿ. ಪಶ್ಚಿಮದವರು ಮೊದಲಿಂದಲೂ ಹಾಗೆ ಇರಲಿಲ್ಲ. 1961ರಲ್ಲಿ ಶಿಕಾಗೋದ 219 ಡಾಕ್ಟರುಗಳನ್ನು ಕೇಳಿದಾಗ 88% ಜನ ಕ್ಯಾನ್ಸರ್ ವಿಷಯ ರೋಗಿಗೆ ಸಾಮಾನ್ಯವಾಗಿ ಹೇಳುವುದಿಲ್ಲ ಅಂದಿದ್ದರು. ಅವರ ಕಾರಣವೂ ನಿಮ್ಮದೇ: ಭರವಸೆ ಕಳೆದುಕೊಳ್ಳುತ್ತಾರೆ ಅಂತ. 1979ರಲ್ಲಿ ಅದೇ ಥರ ಪ್ರಶ್ನೆ ಅಮೆರಿಕದಲ್ಲಿ ಮತ್ತೆ ಕೇಳಿದರು. 97% ಜನ ಹೇಳುತ್ತೇವೆ ಅಂದರು. 18 ವರ್ಷದಲ್ಲಿ ಪೂರ್ತಿ ತಿರುಗಿತು. ಹುಟ್ಟಿನಿಂದ ಬಂದ ಗುಣ ಆಗಿದ್ದರೆ ಅಷ್ಟು ಬೇಗ ಬದಲಾಗುತ್ತಿರಲಿಲ್ಲ. ಔಷಧಿ ಸುಧಾರಿಸಿತು, ಜನ ಕೇಳಲು ಶುರು ಮಾಡಿದರು, ಡಾಕ್ಟರೂ ಬದಲಾದರು.

ಹುಬ್ಬಳ್ಳಿಮಂದಿ
ಇದು ನನಗ ಗೊತ್ತಿರಲಿಲ್ಲ. ಆದರೂ ಅವರು ಬದಲಾದರು ಅಂತ ನಾವೂ ಬದಲಾಗಬೇಕು ಅಂತ ಏನಿಲ್ಲ.

ಟೊರೊಂಟೊದಿಂದ
ನನ್ನದನ್ನೂ ಹೇಳುತ್ತೇನೆ. ಸುಳ್ಳು ಕೇಳಿಸಿಕೊಂಡವನ ಕಡೆಯಿಂದ.

ನಾಲ್ಕು ವರ್ಷದ ಹಿಂದೆ ಅಕ್ಕ ಫೋನ್ ಮಾಡಿ "ಅಪ್ಪ ಸೀರಿಯಸ್, ಬೇಗ ಬಾ" ಅಂದಳು. ಸಿಕ್ಕ ಫ್ಲೈಟ್ ಹತ್ತಿದೆ. ದಾರಿಯುದ್ದಕ್ಕೂ ಹರಕೆ ಹೊತ್ತೆ. ಬದುಕಿದರೆ ಅದು ಮಾಡುತ್ತೇನೆ, ಇದು ಬಿಡುತ್ತೇನೆ ಅಂತ ದೇವರ ಹತ್ತಿರ ಚೌಕಾಸಿ. ಬೆಂಗಳೂರಲ್ಲಿ ಇಳಿದು ಹಾಸನಕ್ಕೆ ಟ್ಯಾಕ್ಸಿ. ಊರಿನ ಹುಡುಗನೇ ಡ್ರೈವರ್. ನೆಲಮಂಗಲ ದಾಟಿದ ಮೇಲೆ ಅವನು, ನನಗೆ ಗೊತ್ತಿದೆ ಅಂದುಕೊಂಡು, "ಐಸ್ ಬಾಕ್ಸಲ್ಲಿ ಇಟ್ಟಿದಾರೆ ಸಾರ್, ನೀವು ಹೋದ ತಕ್ಷಣ ಎತ್ತೋದಂತೆ" ಅಂದ.

ಅಪ್ಪ ಹೋಗಿ ಒಂದೂವರೆ ದಿನ ಆಗಿತ್ತು. ನಾನು ಹರಕೆ ಹೊರುವಾಗ ಅವರು ಇರಲೇ ಇಲ್ಲ.

ಅಕ್ಕ ನನ್ನ ಮೇಲಿನ ಪ್ರೀತಿಗೇ ಹೀಗೆ ಮಾಡಿದ್ದು. ಅಷ್ಟು ದೂರ ಒಬ್ಬನೇ ಅಳುತ್ತಾ ಬರಬಾರದು ಅಂತ. ಅವಳ ಮೇಲೆ ಸಿಟ್ಟಿಲ್ಲ. ಆದರೆ ಈಗ ಅವಳು ಫೋನಿನಲ್ಲಿ "ಅಮ್ಮ ಚೆನ್ನಾಗಿದಾಳೆ" ಅಂದರೆ ನಾನು ನಂಬುವುದಿಲ್ಲ. ವಿಡಿಯೋ ಆನ್ ಮಾಡು ಅನ್ನುತ್ತೇನೆ. ಅಮ್ಮನ ಮುಖ ಕಾಣುವ ತನಕ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ.

ನದಿದಂಡೆ
ಓದಿ ಸುಮ್ಮನೆ ಕೂತುಬಿಟ್ಟೆ.

ಅಂಕಿಸಂಖ್ಯೆ
ಬೆಲ್ಲಾ ಡಿಪೌಲೊ ಅಂತ ಮನಃಶಾಸ್ತ್ರಜ್ಞೆ. ಜನರಿಗೆ ಡೈರಿ ಕೊಟ್ಟು ಒಂದು ವಾರ ಹೇಳಿದ ಸುಳ್ಳೆಲ್ಲ ಬರೆದಿಡಲು ಹೇಳಿದ್ದರು. 1996ರಲ್ಲಿ ಪ್ರಕಟವಾಯಿತು. ಕಾಲೇಜು ಹುಡುಗರು ದಿನಕ್ಕೆ ಸುಮಾರು ಎರಡು, ಬೇರೆಯವರು ಸುಮಾರು ಒಂದು. ಹತ್ತಿರದವರ ಜೊತೆ ಮಾತಾಡುವಾಗ ಸಣ್ಣ ಸುಳ್ಳು ಕಡಿಮೆ. ಆದರೆ ಬದುಕಿನ ದೊಡ್ಡ ಸುಳ್ಳು ಯಾವುದು, ಯಾರಿಗೆ ಹೇಳಿದಿರಿ ಅಂತ ಆಮೇಲೆ ಬೇರೆಯಾಗಿ ಕೇಳಿದಾಗ ಬಂದ ಉತ್ತರ ಜಾಸ್ತಿ ಅಪ್ಪ, ಅಮ್ಮ, ಗಂಡ, ಹೆಂಡತಿ, ಗೆಳೆಯರು. ಅಂಗಡಿಯವನಿಗೆ ಸಣ್ಣದು, ಮನೆಯವರಿಗೆ ದೊಡ್ಡದು.

ಗಾಳಿಪಟ
ಅಂದರೆ ಎಲ್ಲರೂ ದಿನಾ ಸುಳ್ಳು ಹೇಳುವವರೇ. ಮತ್ತೆ ಯಾಕೆ ಇಷ್ಟು ಚರ್ಚೆ?

ಅಂಕಿಸಂಖ್ಯೆ
ಹಾಗಲ್ಲ, ಅದು ಸರಾಸರಿ. 2010ರಲ್ಲಿ ಅಮೆರಿಕದಲ್ಲಿ ಸಾವಿರ ಜನರನ್ನು ಹಿಂದಿನ 24 ಗಂಟೆಯ ಬಗ್ಗೆ ಕೇಳಿದರು. ಸುಮಾರು 60% ಜನ ಒಂದೂ ಸುಳ್ಳು ಹೇಳಿಲ್ಲ ಅಂದರು. ಹೇಳಿದ ಸುಳ್ಳಿನಲ್ಲಿ ಹತ್ತಿರ ಹತ್ತಿರ ಅರ್ಧ ಬರೀ 5% ಜನರದ್ದು. "ಎಲ್ಲರೂ ಹೇಳುತ್ತಾರೆ ಬಿಡಿ" ಅನ್ನುವುದು ಆ 5% ಜನರಿಗೆ ಅನುಕೂಲದ ಮಾತು.

ಗಾಳಿಪಟ
ಕೇಳಿದಾಗ ಅವರೇ ಸುಳ್ಳು ಹೇಳಿರಬಹುದಲ್ವಾ?

ಅಂಕಿಸಂಖ್ಯೆ
ಇರಬಹುದು. ಅದು ಈ ವಿಷಯದ ಅಧ್ಯಯನಕ್ಕೆಲ್ಲ ಇರುವ ತೊಡಕು. ಇನ್ನೂ ಕೆಟ್ಟದ್ದು ಹೇಳಲಾ? ಫಾರಂ ಕೆಳಗೆ ಸಹಿ ಹಾಕಿಸುವ ಬದಲು ಮೇಲೆ ಹಾಕಿಸಿದರೆ ಜನ ಪ್ರಾಮಾಣಿಕವಾಗಿ ತುಂಬುತ್ತಾರೆ ಅಂತ 2012ರಲ್ಲಿ ಒಂದು ಪ್ರಬಂಧ ಬಂದಿತ್ತು. ಬಹಳ ಹೆಸರು ಮಾಡಿತು. ಅದರಲ್ಲಿದ್ದ ಕಾರು ವಿಮೆಯ ಲೆಕ್ಕಗಳೇ ಸುಳ್ಳು ಸೃಷ್ಟಿ ಅಂತ 2021ರಲ್ಲಿ ಗೊತ್ತಾಗಿ ಪ್ರಬಂಧ ಹಿಂತೆಗೆದುಕೊಂಡರು. ನಾನು ಅದನ್ನು ಎರಡು ಕಡೆ ಪಾಠ ಮಾಡಿದ್ದೆ. ಗೊತ್ತಾದ ಮೇಲೆ ಆ ಹುಡುಗರಿಗೆಲ್ಲ ಮೆಸೇಜ್ ಹಾಕಿ ತಿದ್ದಿದೆ.

ಮೇಷ್ಟ್ರು
ನಾನು ಪ್ರೈಮರಿ ಶಾಲೆಯಲ್ಲಿ 27 ವರ್ಷ ಮೇಷ್ಟ್ರು. ಮಕ್ಕಳ ಸುಳ್ಳು ನೋಡಿದಷ್ಟು ಬೇರೆ ಏನೂ ನೋಡಿಲ್ಲ.

ಸುಳ್ಳು ಹೇಳುವ ಮಗು ಕೆಟ್ಟ ಮಗು ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಆಮೇಲೆ ಓದಿದೆ. ಮಗುವನ್ನು ಒಬ್ಬಂಟಿ ಬಿಟ್ಟು "ಆ ಆಟಿಕೆ ನೋಡಬೇಡ" ಅಂದರೆ ಬಹುಪಾಲು ಮಕ್ಕಳು ನೋಡುತ್ತವೆ. ನಾಲ್ಕು ವರ್ಷ ದಾಟಿದವು ಬಹುಪಾಲು "ನೋಡಿಲ್ಲ" ಅನ್ನುತ್ತವೆ. ನನಗೆ ಗೊತ್ತಿರುವುದು ಅಮ್ಮನಿಗೆ ಗೊತ್ತಿಲ್ಲ ಅನ್ನುವ ಅರಿವು ಬಂದರೆ ತಾನೇ ಸುಳ್ಳು ಹೇಳಲು ಬರುವುದು? ಬುದ್ಧಿ ಬೆಳೆಯುತ್ತಿದೆ ಅಂತ ಅರ್ಥ. ಕೆನಡಾದ ಕಾಂಗ್ ಲೀ ಮತ್ತು ವಿಕ್ಟೋರಿಯಾ ತಲ್ವಾರ್ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. 2011ರಲ್ಲಿ ಅವರು ಪಶ್ಚಿಮ ಆಫ್ರಿಕಾದ ಎರಡು ಶಾಲೆ ಹೋಲಿಸಿ ನೋಡಿದರು. ಒಂದರಲ್ಲಿ ಕೋಲಿನ ಏಟು, ಇನ್ನೊಂದರಲ್ಲಿ ಇಲ್ಲ. ಏಟು ಬೀಳುವ ಶಾಲೆಯ ಮಕ್ಕಳೇ ಜಾಸ್ತಿ ಸುಳ್ಳು ಹೇಳಿದ್ದು, ಸಿಕ್ಕಿಬೀಳದ ಹಾಗೆ ಹೇಳುವುದನ್ನು ಕಲಿತದ್ದೂ ಅವರೇ.

ನಮ್ಮ ಶಾಲೆಯಲ್ಲಿ ಒಮ್ಮೆ ಗ್ಲೋಬ್ ಒಡೆಯಿತು. ಯಾರು ಅಂತ ಕೇಳಿದೆ. 34 ಮಕ್ಕಳು, ಒಂದು ಉಸಿರಿಲ್ಲ. ನಾನು ಕೋಲನ್ನು ಕಿಟಕಿಯಿಂದ ಆಚೆ ಹಾಕಿ, ಫೆವಿಕಾಲ್ ತಂದು ಮೇಜಿನ ಮೇಲೆ ಇಟ್ಟು, "ಯಾರಾದರೂ ಹಿಡ್ಕೊಳ್ಳಿ, ಅಂಟಿಸೋಣ" ಅಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಂದ. ಅಂಟಿಸುತ್ತಾ ಅಂಟಿಸುತ್ತಾ "ನಾನೇ ಸಾರ್" ಅಂದ. ಆಫ್ರಿಕಾ ಖಂಡದ ಮೇಲೆ ಆ ಬಿರುಕು ಈಗಲೂ ಇದೆ.

ತೋಟದಮನೆ ತಂಗಿಯ ಅಪ್ಪಯ್ಯ ಸಹಿ ವಿಷಯದಲ್ಲಿ ಹೊಡೆಯದೆ ಕೇಳಿದರಲ್ಲ, ಅದಕ್ಕೇ ಈ ಒಂದು ಸುಳ್ಳು ಇಷ್ಟು ಚುಚ್ಚುತ್ತಿರುವುದು.

ಸಂಪಿಗೆಮರ
ಮೇಷ್ಟ್ರೇ, ಹರಿಶ್ಚಂದ್ರನ ಕಥೆ ಹೇಳಿದರೆ ಮಕ್ಕಳು ಸತ್ಯ ಕಲಿಯುವುದಿಲ್ವಾ?

ಮೇಷ್ಟ್ರು
ಹೇಗೆ ಹೇಳುತ್ತೀರಿ ಅನ್ನುವುದರ ಮೇಲೆ ಇದೆ. ಇದೇ ಕಾಂಗ್ ಲೀ 2014ರಲ್ಲಿ ನೋಡಿದ್ದು: ಸುಳ್ಳು ಹೇಳಿ ಮೂಗು ಉದ್ದ ಆದ ಗೊಂಬೆಯ ಕಥೆ, ತೋಳ ಬಂತು ತೋಳ ಅಂದ ಹುಡುಗನ ಕಥೆ ಕೇಳಿದ ಮಕ್ಕಳಲ್ಲಿ ಏನೂ ಬದಲಾಗಲಿಲ್ಲ. ಮರ ಕಡಿದೆ ಅಂತ ಒಪ್ಪಿಕೊಂಡು ಅಪ್ಪನಿಂದ ಮೆಚ್ಚುಗೆ ಪಡೆದ ಜಾರ್ಜ್ ವಾಷಿಂಗ್ಟನ್ ಕಥೆ ಕೇಳಿದವರು ನಿಜ ಹೇಳಿದ್ದು ಜಾಸ್ತಿ. ಹರಿಶ್ಚಂದ್ರನ ಕಥೆಯಲ್ಲಿ ಮಕ್ಕಳ ತಲೆಯಲ್ಲಿ ಉಳಿಯುವುದು ಸ್ಮಶಾನ. ನನ್ನ ಕ್ಲಾಸಿನಲ್ಲಿ ಜಾಸ್ತಿ ನಾಟುವುದು ಪುಣ್ಯಕೋಟಿ. ಕೊಟ್ಟ ಮಾತಿನಂತೆ ಹಸು ವಾಪಸ್ ಬಂದು ನಿಂತಾಗ ಹುಲಿಯೇ ಕರಗುತ್ತದಲ್ಲ, ಅಲ್ಲಿ ಮಕ್ಕಳ ಮುಖ ನೋಡಬೇಕು.

ಗಾಳಿಪಟ
ಸುಳ್ಳು ಹೇಳುವವರನ್ನು ಕಣ್ಣು ನೋಡಿ ಕಂಡುಹಿಡಿಯಬಹುದು. ಮೇಲೆ ಬಲಕ್ಕೆ ನೋಡಿದರೆ ಸುಳ್ಳು ಅಂತ ವಿಡಿಯೋದಲ್ಲಿ ನೋಡಿದ್ದೇನೆ.

ಅಂಕಿಸಂಖ್ಯೆ
ಅದು ಪರೀಕ್ಷೆಯಲ್ಲಿ ನಿಂತಿಲ್ಲ. 2006ರಲ್ಲಿ ಇನ್ನೂರಕ್ಕೂ ಹೆಚ್ಚು ಅಧ್ಯಯನ ಒಟ್ಟಿಗೆ ಇಟ್ಟು ನೋಡಿದರು. ನಿಜ ಯಾವುದು ಸುಳ್ಳು ಯಾವುದು ಅಂತ ಜನ ಸರಿಯಾಗಿ ಹೇಳಿದ್ದು 54%. ಕಾಸು ಚಿಮ್ಮಿದರೆ 50%.

ಗಾಳಿಪಟ
ಮತ್ತೆ ನಾರ್ಕೋ ಟೆಸ್ಟ್? ನಮ್ಮ ಬೆಂಗಳೂರಲ್ಲೇ ಮಾಡುತ್ತಿದ್ದರಲ್ಲ, ನಕಲಿ ಛಾಪಾ ಕಾಗದದ ತೆಲಗಿ ಕಾಲದಲ್ಲಿ.

ಕಪ್ಪುಕೋಟು
ಮಾಡುತ್ತಿದ್ದರು. ಸೋಡಿಯಂ ಪೆಂಟೊಥಾಲ್ ಕೊಟ್ಟರೆ ಮನುಷ್ಯ ಬಾಯಿಬಿಡುತ್ತಾನೆ ನಿಜ, ಆದರೆ ಬಿಟ್ಟ ಬಾಯಿಂದ ಬರುವುದೆಲ್ಲ ನಿಜವಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡುವ ಹಾಗಿಲ್ಲ. ಒಪ್ಪಿಗೆ ಇದ್ದರೂ ಅದರ ಫಲಿತಾಂಶವೇ ಸಾಕ್ಷ್ಯ ಆಗುವುದಿಲ್ಲ. ನಿಜ ಹೇಳದೆ ಸುಮ್ಮನಿರುವ ಹಕ್ಕು ಆರೋಪಿಗೂ ಇದೆ.

ಸಂಪಿಗೆಮರ
ಮಿಷನ್ ಯಾಕೆ ಬೇಕು? ನಮ್ಮ ಕಡೆ ಧರ್ಮಸ್ಥಳಕ್ಕೆ ಆಣೆ ಇಟ್ಟರೆ ಮುಗಿಯಿತು. ನಮ್ಮ ಸೋದರಮಾವ 8,000 ಸಾಲ ತಗೊಂಡೇ ಇಲ್ಲ ಅಂತ ಎರಡು ವರ್ಷ ವಾದ ಮಾಡಿದರು. ಕೊಟ್ಟವರು "ಬನ್ನಿ, ಮಂಜುನಾಥನ ಮುಂದೆ ಒಂದು ಮಾತು ಹೇಳಿ ಸಾಕು" ಅಂತ ಬಸ್ಸಿನ ಟಿಕೆಟ್ ತಂದರು. ಮಾವ ಬಸ್ ಹತ್ತಲಿಲ್ಲ. ಮಾರನೇ ದಿನ ದುಡ್ಡು ಕೊಟ್ಟರು.

ನದಿದಂಡೆ
ಎಲ್ಲರಿಗೂ ಒಂದು ಮಾತು. ತೋಟದಮನೆಯವರು ಕಷ್ಟದಲ್ಲಿದ್ದಾರೆ. ಮಿಷನ್, ಆಣೆ ಇನ್ನೊಂದು ದಿನ ಮಾತಾಡೋಣ.

ಬಯಲುಸೀಮೆ
ವಾರ್ಡಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಕೊಡದೆ ಎರಡು ದಿನ ಓಡಾಡಿದೆ. ಈಗ ಬರೆಯುತ್ತೇನೆ.

ನಾನು ನಿಂತುಕೊಂಡೇ ಹೇಳಿದ್ದು. ಹೆಗಲ ಮೇಲೆ ಬ್ಯಾಗ್ ಇತ್ತು. ರಾತ್ರಿ ಹತ್ತೂವರೆಗೆ ಬೆಂಗಳೂರಿಗೆ ಬಸ್. "ಅಮ್ಮ, ನಿಂಗೆ ಕ್ಯಾನ್ಸರ್ ಇದೆ, ಧೈರ್ಯವಾಗಿರು" ಅಂದೆ. ಅಮ್ಮ ಏನೋ ಕೇಳಲು ಬಾಯಿ ತೆಗೆದರು. "ಬಸ್ಸಿಗೆ ಹೊತ್ತಾಯ್ತು, ಫೋನ್ ಮಾಡ್ತೀನಿ" ಅಂದೆ. ಏನು ಕೇಳಲು ಹೊರಟಿದ್ದರು ಅಂತ ನನಗೆ ಗೊತ್ತೇ ಆಗಲಿಲ್ಲ.

ಹೇಳಿದ್ದು ತಪ್ಪು ಅಂತ ಒಂಬತ್ತು ವರ್ಷ ಅಂದುಕೊಂಡಿದ್ದೆ.

ವಾರ್ಡಕ್ಕ
ಅಣ್ಣಾ, ಮೂರು ವಾರಕ್ಕೆ ಹೋಗುವವರು ಸುದ್ದಿಯಿಂದ ಹೋಗುವುದಿಲ್ಲ. ಆ ಕಾಯಿಲೆ ಅಷ್ಟು ಮುಂದೆ ಹೋಗಿತ್ತು. ಡಾಕ್ಟರು ಹೇಳುವ ತಿಂಗಳ ಲೆಕ್ಕ ಬಹಳ ಸಲ ಜಾಸ್ತಿಯೇ ಆಗಿರುತ್ತದೆ, ನಾನು ದಿನಾ ನೋಡುತ್ತೇನೆ. ನೀವು ಕೊಂದಿಲ್ಲ. ಇದು ಸಮಾಧಾನಕ್ಕೆ ಹೇಳುವ ಸುಳ್ಳಲ್ಲ.

ಬಯಲುಸೀಮೆ
🙏

ತೋಟದಮನೆ
ಎಲ್ಲವನ್ನೂ ಓದಿದೆ. ಕೆಲವನ್ನು ಎರಡು ಸಲ ಓದಿದೆ. ನಿನ್ನೆ ವಾರ್ಡಕ್ಕ ಹೇಳಿದ ಹಾಗೆ ಮಾಡಿದೆ. ಹೇಳಲಿಲ್ಲ, ಕೇಳಿದೆ.

ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತು "ಅಪ್ಪಯ್ಯ, ನಿಮಗೆ ಎಂತ ಆಗಿದೆ ಅಂತ ಅನ್ನಿಸ್ತದೆ?" ಅಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ನಿನ್ನ ಅಣ್ಣ ನಂಗೆ ಬೀಡಿ ತಂದು ಕೊಟ್ಟನಲ್ಲ, ಅವತ್ತೇ ಗೊತ್ತಾಯ್ತು."

ನಿಮಗೆ ಇದು ಅರ್ಥ ಆಗಬೇಕಾದರೆ ನಮ್ಮ ಮನೆ ಗೊತ್ತಿರಬೇಕು. ಅಪ್ಪಯ್ಯನ ಬೀಡಿ ವಿಷಯಕ್ಕೆ ಅಣ್ಣ 15 ವರ್ಷದಿಂದ ಜಗಳ ಆಡುತ್ತಿದ್ದಾನೆ. ಕಟ್ಟುಗಟ್ಟಲೆ ಬೀಡಿ ಬಚ್ಚಲು ಒಲೆಗೆ ಹಾಕಿದ್ದಾನೆ. ಒಮ್ಮೆ ಎರಡು ತಿಂಗಳು ಇಬ್ಬರೂ ಮಾತು ಬಿಟ್ಟಿದ್ದರು. ಅಂಥವನು ಆಸ್ಪತ್ರೆಯಿಂದ ಬಂದ ಮೂರನೇ ದಿನ ಪೇಟೆಯಿಂದ ಒಂದು ಕಟ್ಟು ತಂದು, ಏನೂ ಹೇಳದೆ, ದಿಂಬಿನ ಪಕ್ಕ ಇಟ್ಟು ಹೋದನಂತೆ. "ಅಲ್ಸರ್ ಆದವ್ನಿಗೆ ಯಾರಾದ್ರೂ ಬೀಡಿ ತಂದು ಕೊಡ್ತಾರಾ?" ಅಂತ ಅಪ್ಪಯ್ಯ ನನ್ನನ್ನು ಕೇಳಿದರು. ನಾನು ಅತ್ತೆ. ಅವರು ನನ್ನ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಆ ಕಟ್ಟು ಇನ್ನೂ ಬಿಚ್ಚಿಲ್ಲ.

ಆದರೆ ಈಗ ಹೊಸ ಕಷ್ಟ. "ಅವ್ನಿಗೆ ಹೇಳ್ಬೇಡ. ನಂಗೆ ಗೊತ್ತು ಅಂತ ಗೊತ್ತಾದ್ರೆ ಅವ್ನು ತಡ್ಕೊಳ್ಳಲ್ಲ" ಅಂದರು. ಮೊದಲು ಅಣ್ಣನ ಸುಳ್ಳು ಅಪ್ಪಯ್ಯನಿಗೆ ಹೇಳುತ್ತಿದ್ದೆ. ಈಗ ಅಪ್ಪಯ್ಯನ ಸುಳ್ಳು ಅಣ್ಣನಿಗೆ.

ಟೊರೊಂಟೊದಿಂದ
ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ, ಇಬ್ಬರೂ ಒಂಟಿ.

ಹುಬ್ಬಳ್ಳಿಮಂದಿ
ಭಾರ ನಾಕು ಮಂದಿ ಹೊರತೀವಿ ಅಂದಿದ್ದೆ ನಾನು. ಆದರ ನಿಮ್ಮ ಅಪ್ಪಾರು ಎಲ್ಲಾ ಒಬ್ಬರ ಹೊರಾಕತ್ತಾರ. ಆ ಮಾತು ವಾಪಸ್ ತಗೋತೀನಿ.

ವಾರ್ಡಕ್ಕ
ಇದಕ್ಕೆ ನಮ್ಮಲ್ಲಿ ದಾರಿ ಇದೆ ತಂಗಿ. ಕೀಮೋಗೆ ಮುಂಚೆ ಡಾಕ್ಟರಿಗೆ ಒಂದು ಮಾತು ಹೇಳಿ, ಅಪ್ಪ ಮಗ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಲಿ. ಡಾಕ್ಟರು ಕೇಳಲಿ, ನೀವು ಯಾರೂ ಬಾಯಿ ಬಿಡಬೇಡಿ. ಮತ್ತೆ ನೋವಿನ ಔಷಧಿ ಬಗ್ಗೆ ಇವತ್ತೇ ಕೇಳಿಕೊಳ್ಳಿ. ಮಾರ್ಫಿನ್ ಅಂದರೆ ಹೆದರಬೇಡಿ. 2014ರಲ್ಲಿ ಕಾನೂನು ತಿದ್ದಿದ ಮೇಲೆ ಅನುಮತಿ ಇರುವ ಆಸ್ಪತ್ರೆಯಲ್ಲಿ ಸಿಗುವುದು ಮೊದಲಿಗಿಂತ ಸುಲಭ. ನೋವು ಇದೆ ಅಂತ ಅವರು ಬಾಯಿ ಬಿಟ್ಟು ಹೇಳುವ ಹಾಗೆ ಆದರೆ ಅರ್ಧ ಕೆಲಸ ಆದ ಹಾಗೆ.

ಮೇಷ್ಟ್ರು
ಏನಾಯಿತು ತಿಳಿಸಿ ತಂಗಿ. ಇಲ್ಲಿ ನಾವೆಲ್ಲ ಕಾಯುತ್ತಿರುತ್ತೇವೆ.

ತೋಟದಮನೆ
ಹತ್ತು ದಿನ ಆಯಿತು, ಈಗ ಬರೆಯಲು ಆಗುತ್ತಿದೆ.

ಡಾಕ್ಟರು ನಮ್ಮ ಮೂವರನ್ನೂ ಕೂರಿಸಿದರು. ಕುರ್ಚಿ ಅಪ್ಪಯ್ಯನ ಹತ್ತಿರಕ್ಕೆ ಎಳೆದುಕೊಂಡು "ಯಜಮಾನ್ರೇ, ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತು?" ಅಂದರು. ಅಣ್ಣ ಗಾಬರಿಯಲ್ಲಿ ನನ್ನ ಮುಖ ನೋಡಿದ. ಅಪ್ಪಯ್ಯ ಅಣ್ಣನ ಮಂಡಿ ಮೇಲೆ ಕೈ ಇಟ್ಟು "ಇವ್ನಿಗೆ ಎಷ್ಟು ಗೊತ್ತೋ ನಂಗೂ ಅಷ್ಟೇ ಗೊತ್ತು ಡಾಕ್ಟ್ರೇ" ಅಂದರು. ಅಣ್ಣ ಆ ಕೈ ಹಿಡಿದುಕೊಂಡು ಅತ್ತದ್ದನ್ನು ನಾನು ಹಿಂದೆ ಯಾವತ್ತೂ ನೋಡಿರಲಿಲ್ಲ. ಸಹಿ ಅಪ್ಪಯ್ಯನೇ ಹಾಕಿದರು. ಎರಡು ಸಲ ಕೀಮೋ ನೋಡೋಣ, ಆಗದಿದ್ದರೆ ಮನೆಗೆ, ಅಂತಲೂ ಅವರೇ ಹೇಳಿದರು.

ವಾಪಸ್ ಬರುವಾಗ ಕಾರನ್ನು ಕೊಪ್ಪದ ಕಡೆ ತಿರುಗಿಸಲು ಹೇಳಿದರು. ಅಲ್ಲಿ ನಮ್ಮ ಸಣ್ಣ ಅತ್ತೆ ಇದ್ದಾರೆ. ಪಾಲಿನ ವಿಷಯಕ್ಕೆ 22 ವರ್ಷದಿಂದ ಅಪ್ಪಯ್ಯನಿಗೂ ಈ ತಂಗಿಗೂ ಮಾತಿರಲಿಲ್ಲ. ಅಲ್ಸರ್ ಆಗಿದ್ದರೆ ಅಪ್ಪಯ್ಯ ಹೋಗುತ್ತಿರಲಿಲ್ಲ. ಅತ್ತೆ ಬಾಗಿಲಲ್ಲಿ ನೋಡಿದವರು ಏನೂ ಕೇಳಲಿಲ್ಲ, ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದು ಕೊಟ್ಟರು. ಗಂಜಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಕೊಟ್ಟರು. ಅಪ್ಪಯ್ಯ ನಾಲ್ಕು ಚಮಚ ಕುಡಿದರು.

ಫೈಲು ಈಗ ಅಕ್ಕಿ ಡಬ್ಬದ ಹಿಂದೆ ಇಲ್ಲ, ಟಿವಿ ಪಕ್ಕ ಇದೆ. ಇವತ್ತು ಬೆಳಿಗ್ಗೆ ಅಪ್ಪಯ್ಯ ದಿಂಬಿನ ಕೆಳಗಿದ್ದ ಆ ಬೀಡಿ ಕಟ್ಟು ತೆಗೆದು ಬಿಚ್ಚಿದರು. ಅಣ್ಣ ನೋಡಿದವನೇ ಕಿತ್ತುಕೊಂಡು ಬಚ್ಚಲು ಒಲೆಗೆ ಹಾಕಿದ. "ನನ್ನ ಬೀಡಿ ಸುಡೋಕೆ ನೀನ್ಯಾರೋ!" ಅಂತ ಅಪ್ಪಯ್ಯ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತಂತೆ.